ಒಂಟಿ ಪಯಣದ ಫಲ

ಪರಿವಾರ, ಬುತ್ತಿ, ಹಾಸಿಗೆಗಳೊಡನೆ ನಾವು ಪ್ರವಾಸ ಹೊರಟಾಗ ಮನೆಯೇ ನಮ್ಮ ಜೊತೆಗೆ ಹೊರಟಿರುತ್ತದೆ. ಒಬ್ಬನೇ ಹೊರಟವನ ಪಾಡು ಬೇರೆ. ಅವನು ದಾರಿಯನ್ನು ಕೇಳಬೇಕು, ನೀರನ್ನು ಕೇಳಬೇಕು, ತಂಗಲು ಎಡೆಯನ್ನು ಕೇಳಬೇಕು. ಕೇಳಿದಷ್ಟೂ ಅಹಂಕಾರ ಸಡಿಲವಾಗುತ್ತದೆ.

1891ರ ಆರಂಭದಲ್ಲಿ ಸ್ವಾಮಿ ವಿವೇಕಾನಂದರು ಗುರುಬಂಧುಗಳನ್ನು ಬಿಟ್ಟು ಏಕಾಕಿಯಾಗಿ ನಡೆದರು. ಆ ಸೋದರರ ಪ್ರೀತಿಯೂ ಒಂದು ಬಂಧನವೆಂದು ಅವರಿಗೆ ತೋರಿತ್ತು. ಅಬೂ ಪರ್ವತದಲ್ಲಿ ಮುಸಲ್ಮಾನ ವಕೀಲರೊಬ್ಬರು ಅವರಿಗೆ ಆಶ್ರಯವಿತ್ತರು. 1892ರ ಅಕ್ಟೋಬರಿನಲ್ಲಿ ಬೆಳಗಾವಿಯಲ್ಲಿ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆ, ಬಳಿಕ ಮೈಸೂರಿನಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆತಿಥ್ಯ, ಡಿಸೆಂಬರಿನಲ್ಲಿ ಕನ್ಯಾಕುಮಾರಿ. 1893ರಲ್ಲಿ ಶಿಕಾಗೋದಲ್ಲಿ ಅವರು ಯಾವ ನಾಡಿನ ಪರವಾಗಿ ಮಾತನಾಡಿದರೋ, ಆ ನಾಡನ್ನು ಪರರ ಹೊಸ್ತಿಲುಗಳಲ್ಲಿ ನಿಂತು ಕಂಡಿದ್ದರು.

ಅಂಥ ವೈರಾಗ್ಯ ನನ್ನಂಥ ಸಂಸಾರಿಗೆ ಎಟುಕದು. ಆದರೂ ವರ್ಷಕ್ಕೊಮ್ಮೆ ನಾನು ಒಬ್ಬನೇ ಹೊರಡುತ್ತೇನೆ. ಜೊತೆಯಿದ್ದಾಗ ಬಸ್ಸಿನಲ್ಲಿ ನಮ್ಮ ಮನೆಯ ಮಾತೇ ಮುಗಿಯದು. ಒಬ್ಬನೇ ಇದ್ದಾಗ ಪಕ್ಕದ ರೈತ ಆರಿದ್ರೆ ಮಳೆಯ ಲೆಕ್ಕ ಹೇಳುತ್ತಾನೆ, ಮಗಳ ಮದುವೆಯ ಸಾಲವನ್ನೂ ಹೇಳುತ್ತಾನೆ. ಇಳಿಯುವಾಗ ಮಡಿಲ ಶೇಂಗಾದಲ್ಲಿ ಒಂದು ಹಿಡಿ ನನ್ನ ಕೈಗಿಡುತ್ತಾನೆ.

ಈ ನಂಬಿಕೆ ಕಣ್ಣು ಮುಚ್ಚಿದ ನಂಬಿಕೆಯಲ್ಲ, ಒಂಟಿಗ ಎಚ್ಚರವಾಗಿರಲೇಬೇಕು. ಪರವೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಮನಸ್ಸು ಕುಗ್ಗುವುದೂ ಉಂಟು. ಆದರೆ ಅಪರಿಚಿತನ ಜಗುಲಿಯಲ್ಲಿ ಕುಳಿತು ಅವನು ಕೊಟ್ಟ ಮಜ್ಜಿಗೆ ಕುಡಿದವನಿಗೆ, ಲೋಕವೆಲ್ಲ ಕೆಟ್ಟಿತೆಂಬ ಮಾತನ್ನು ಮತ್ತೆ ಸುಲಭವಾಗಿ ಆಡಲು ಬಾರದು.