ಭಾರದ ಗುಂಡು ಗುರಿಗಿಂತ ಮೇಲೆ ಬಡಿಯುವುದೇಕೆ?

ಭಾರವಾದ ಗುಂಡು ಬೇಗ ಕೆಳಗಿಳಿಯುತ್ತದೆ, ಹಗುರವಾದದ್ದು ಮೇಲೆ ಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಗಿಡ್ಡ ನಳಿಗೆಯ ರಿವಾಲ್ವರ್‌ನಲ್ಲಿ ಸಾಮಾನ್ಯವಾಗಿ ಇದರ ತದ್ವಿರುದ್ಧ ನಡೆಯುತ್ತದೆ. ಏಕೆಂದು ನೋಡೋಣ.

ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕಂಪನಿ 1950ರಲ್ಲಿ ತಂದ ‘ಚೀಫ್ಸ್ ಸ್ಪೆಷಲ್’ ರಿವಾಲ್ವರ್ ಅನ್ನೇ ತೆಗೆದುಕೊಳ್ಳೋಣ. ಇದರ ಗಿಡ್ಡ ಮಾದರಿಯ ನಳಿಗೆ 2 ಇಂಚಿಗಿಂತ ತುಸು ಕಡಿಮೆ. ಹಿಂದಿನ ಸೈಟ್ ಎಂದರೆ ಚೌಕಟ್ಟಿನ ಮೇಲೆ ಕೊರೆದ ಒಂದು ಗಾಡಿ, ಅಷ್ಟೆ. ಮುಂದಿನದು ನಳಿಗೆಯ ಮೇಲಿನ ಲೋಹದ ಪಟ್ಟಿ. ಇವನ್ನು ತಿರುಪು ತಿರುಗಿಸಿ ಸರಿಹೊಂದಿಸಲು ಬರುವುದಿಲ್ಲ.

ಮದ್ದು ಉರಿದ ಕ್ಷಣದಿಂದಲೇ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ. ನಳಿಗೆ ನಮ್ಮ ಹಿಡಿತಕ್ಕಿಂತ ಮೇಲಿರುವುದರಿಂದ ಅದರ ಬಾಯಿ ಮೇಲಕ್ಕೇಳುತ್ತದೆ. ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು. ಆದರೂ ಬಾಯಿ ಏಳಲು ಅಷ್ಟು ಹೊತ್ತು ಸಾಕು. ಭಾರದ ಗುಂಡು ನಿಧಾನವಾಗಿ ಸಾಗುವುದರಿಂದ ಒಳಗೆ ಹೆಚ್ಚು ಹೊತ್ತು ಇರುತ್ತದೆ. ಹಾಗಾಗಿ ಅದು ಹೊರಬೀಳುವಾಗ ನಳಿಗೆ ಇನ್ನಷ್ಟು ಮೇಲೆ ಎದ್ದಿರುತ್ತದೆ. ಇದನ್ನು ಸರಿದೂಗಿಸಲೆಂದೇ ಮುಂದಿನ ಸೈಟನ್ನು ಎತ್ತರವಾಗಿ ಮಾಡಿರುತ್ತಾರೆ. ನಾವು ಗುರಿ ಹಿಡಿದಾಗ ನಳಿಗೆ ನಿಜಕ್ಕೂ ತುಸು ಕೆಳಮುಖವಾಗಿರುತ್ತದೆ!

ಹಾಗಾದರೆ ಗುರುತ್ವ? ಏಳು ಮೀಟರ್ ದೂರದಲ್ಲಿ, ಸೆಕೆಂಡಿಗೆ 200 ಮೀಟರ್ ವೇಗದ ಗುಂಡು ಇಳಿಯುವುದು ಸುಮಾರು 6 ಮಿಲಿಮೀಟರ್. ಇಷ್ಟು ಹತ್ತಿರದಲ್ಲಿ ಅದು ಲೆಕ್ಕಕ್ಕಿಲ್ಲ.

ಯಾವ ಕಾಡತೂಸು ಸರಿ?

.38 ಸ್ಪೆಷಲ್ ಕಾಡತೂಸಿನ ಸಾಂಪ್ರದಾಯಿಕ ಗುಂಡಿನ ತೂಕ 158 ಗ್ರೇನ್, ಅಂದರೆ ಸುಮಾರು 10 ಗ್ರಾಂ. ಇಂತಹ ರಿವಾಲ್ವರ್‌ಗಳ ಸೈಟ್‌ಗಳು ಹೆಚ್ಚಾಗಿ ಇದಕ್ಕೇ ಹೊಂದಿಕೊಂಡಿರುತ್ತವೆ. 110 ಗ್ರೇನ್‌ನ ಹಗುರ, ವೇಗದ ಗುಂಡು ಸಾಮಾನ್ಯವಾಗಿ ಕೆಳಗೆ ಬಡಿಯುತ್ತದೆ. ಆದ್ದರಿಂದ ಗುರಿ ತಪ್ಪುತ್ತಿದ್ದರೆ ಮೊದಲು ಬದಲಿಸಬೇಕಾದದ್ದು ಕಾಡತೂಸು. ಮುಂದಿನ ಸೈಟನ್ನು ಅರದಿಂದ ಉಜ್ಜಿದರೆ ಗುಂಡು ಮೇಲೆ ಬಡಿಯುವುದೇನೋ ನಿಜ, ಆದರೆ ಉಜ್ಜಿದ ಲೋಹ ಮರಳಿ ಬಾರದು.

ಒಂದೇ ಗುಂಡು ನೋಡಿ ತೀರ್ಮಾನಿಸುವುದೂ ಸಲ್ಲ. ಎರಡು ಸೈಟ್‌ಗಳ ನಡುವಿನ ಅಂತರ ಸುಮಾರು 10 ಸೆಂಟಿಮೀಟರ್ ಎಂದುಕೊಳ್ಳಿ. ಜೋಡಣೆಯಲ್ಲಿ 1 ಮಿಲಿಮೀಟರ್ ತಪ್ಪಿದರೂ ಏಳು ಮೀಟರ್ ದೂರದಲ್ಲಿ ಅದು 7 ಸೆಂಟಿಮೀಟರ್ ಆಗುತ್ತದೆ. ಕೈಗೆ ಆಸರೆ ಕೊಟ್ಟು ಐದು ಗುಂಡು ಹಾರಿಸಿ, ಅವುಗಳ ನಡುಬಿಂದುವನ್ನು ನೋಡಬೇಕು.

‘ಹೆಚ್ಚು ಶಕ್ತಿ ಇದ್ದಷ್ಟೂ ಒಳ್ಳೆಯದು’ ಎಂಬುದೂ ಪೂರ್ತಿ ನಿಜವಲ್ಲ. ಗಿಡ್ಡ ನಳಿಗೆಯಲ್ಲಿ ಮದ್ದಿನ ಶಕ್ತಿಯ ಒಂದು ಪಾಲು ಬೆಳಕು, ಸದ್ದುಗಳಾಗಿ ಹೊರಗೇ ಕಳೆದುಹೋಗುತ್ತದೆ. ತುಂಬ ಹಗುರವಾದ ರಿವಾಲ್ವರ್‌ನಲ್ಲಿ ಬಲವಾದ ಒದೆತಕ್ಕೆ ಉಳಿದ ಕಾಡತೂಸುಗಳ ಗುಂಡುಗಳು ಸಡಿಲಗೊಂಡು ಮುಂದೆ ಸರಿದು, ಸಿಲಿಂಡರ್ ತಿರುಗದೆ ಸಿಕ್ಕಿಕೊಳ್ಳಬಹುದು. ಹೆಚ್ಚಿನ ಒತ್ತಡದ ‘ಪ್ಲಸ್ ಪಿ’ ಕಾಡತೂಸನ್ನು ತಯಾರಕರು ಒಪ್ಪಿದ ರಿವಾಲ್ವರ್‌ನಲ್ಲಷ್ಟೇ ಬಳಸಬೇಕು. ಹಳೆಯ ರಿವಾಲ್ವರ್‌ಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. .357 ಮ್ಯಾಗ್ನಂ ರಿವಾಲ್ವರ್‌ಗೆ .38 ಸ್ಪೆಷಲ್ ಹಾಕಬಹುದು; .38 ರಿವಾಲ್ವರ್‌ಗೆ .357 ಎಂದಿಗೂ ಹಾಕಬಾರದು.