ಸುಂಕದ ಕಟ್ಟೆಯ ಬೆಳಗು

ಗುರುವಾಯನಕೆರೆಯಿಂದ ಕಾರ್ಕಳಕ್ಕೆ ಹೋಗುವ ಮಾರ್ಗದಲ್ಲಿರುವ ಅಳದಂಗಡಿಯು, 1604ರಲ್ಲಿ ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ ಅಜಿಲ ಅರಸುಮನೆತನದ ಊರು. ಮೂಡಬಿದಿರೆಯ ಕಡೆಗೆ ಚೌಟರು, ಬಂಗಾಡಿಯ ಕಡೆಗೆ ಬಂಗರು, ಕಾರ್ಕಳದ ಕಡೆಗೆ ಭೈರರಸರು, ಹೀಗೆ ಅಲ್ಪ ಅಂತರದೊಳಗೆ ಹಲವು ಸೀಮೆಗಳು ಕೂಡುತ್ತಿದ್ದ ನಾಡಿದು. ಸೀಮೆಯಿದ್ದಲ್ಲಿ ಸುಂಕ, ಸುಂಕವಿದ್ದಲ್ಲಿ ಕಟ್ಟೆ. ಬಜಪೆಯ ಬಳಿಯ ಸುಂಕದಕಟ್ಟೆಯಂಥ ಊರ ಹೆಸರುಗಳು ಆ ಕಾಲವನ್ನು ಇಂದಿಗೂ ನೆನಪಿಗೆ ತರುತ್ತವೆ. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯೂ ಕಟ್ಟೆಯ ಬಳಿ ಕಾದು ಬೇಸತ್ತವರ ಬಾಯಿಂದಲೇ ಬಂದಿರಬೇಕು. ಅರಸೊತ್ತಿಗೆಗಳು ಹೋದವು, ಗಾದೆ ಮಾತ್ರ ಹಳತಾಗಲಿಲ್ಲ.

ಇದಕ್ಕೆ ದೃಷ್ಟಾಂತವನ್ನು ಇಂದು ಇಂಗ್ಲಂಡಿನ ಡೋವರ್ ಬಂದರಿನಲ್ಲಿ ಕಾಣಬಹುದು. ನಮ್ಮ ಜಿಲ್ಲೆಯಿಂದ ವಿದ್ಯೆಗೂ ವೈದ್ಯವೃತ್ತಿಗೂ ದಾದಿಯರ ಕೆಲಸಕ್ಕೂ ಇಂಗ್ಲಂಡಿಗೆ ಹೋಗಿ ನೆಲೆಸಿದವರು ಇರುವುದರಿಂದ ಆ ಬಂದರಿನ ಸುದ್ದಿಯು ನಮಗೆ ಕೇವಲ ಪರಕೀಯರ ಸುದ್ದಿಯಲ್ಲ. ಡೋವರಿನ ಬಳಿ ಇಂಗ್ಲಂಡಿಗೂ ಫ್ರಾನ್ಸಿಗೂ ನಡುವಿನ ಕಡಲು ಸುಮಾರು 33 ಕಿಲೋಮೀಟರು ಅಗಲ. ಹಡಗು ಅದನ್ನು ಒಂದೂವರೆ ಗಂಟೆಯಲ್ಲಿ ದಾಟುತ್ತದೆ. ಆದರೆ ಹಡಗನ್ನೇರುವ ಮುನ್ನವೇ ಫ್ರಾನ್ಸಿನ ಪೊಲೀಸರು ಡೋವರಿನಲ್ಲಿ ಕುಳಿತು ರಹದಾರಿಗಳನ್ನು ಪರೀಕ್ಷಿಸುತ್ತಾರೆ. ಆಚೆಯ ಕಲೆ ಬಂದರಿನಲ್ಲಿ ಇಂಗ್ಲಂಡಿನ ಅಧಿಕಾರಿಗಳು ಹಾಗೆಯೇ ಕುಳಿತಿರುತ್ತಾರೆ. ಇದು 2003ರಲ್ಲಿ ಲ ತೂಕೆ ಎಂಬಲ್ಲಿ ಆದ ಒಪ್ಪಂದದ ಏರ್ಪಾಡು.

ಬ್ರಿಟನ್ನು ಐರೋಪ್ಯ ಒಕ್ಕೂಟದಲ್ಲಿ ಇರುವವರೆಗೆ ಈ ಪರೀಕ್ಷೆಯು ಕಣ್ಣೋಟದಲ್ಲಿಯೇ ಮುಗಿಯುತ್ತಿತ್ತು. 2021ರ ಜನವರಿಯಿಂದ ಅದು ಹೊರನಾಡಾಯಿತು. ಪ್ರತಿಯೊಂದು ರಹದಾರಿಗೆ ಮುದ್ರೆಯೊತ್ತಬೇಕಾಯಿತು. 180 ದಿನಗಳಲ್ಲಿ 90ಕ್ಕಿಂತ ಹೆಚ್ಚು ದಿನ ತಂಗಲಿಲ್ಲವೆಂಬುದನ್ನು ನೋಡಬೇಕಾಯಿತು. 2022ರ ಜುಲೈಯಲ್ಲಿ ಶಾಲೆಗಳಿಗೆ ರಜೆ ಬಂದೊಡನೆ ಮೋಟಾರುಗಳ ಸಾಲು ಬಂದರಿನಿಂದ ಹೊರಬಿದ್ದು ಊರನ್ನೆಲ್ಲ ಕಟ್ಟಿಹಾಕಿತು. 2023ರ ಎಪ್ರಿಲ್ ಮೊದಲ ವಾರದಲ್ಲಿ ಬಸ್ಸುಗಳಲ್ಲಿದ್ದ ಪ್ರಯಾಣಿಕರು, ಅವರಲ್ಲಿ ಶಾಲಾಮಕ್ಕಳು ಕೂಡ, ರಾತ್ರಿಯಿಡೀ ಕುಳಿತಲ್ಲಿಯೇ ಕಾದರು. 2025ರ ಅಕ್ಟೋಬರ್ 12ರಿಂದ ಮುದ್ರೆಯ ಬದಲಿಗೆ ಬೆರಳಚ್ಚು ಹಾಗೂ ಮುಖಚಿತ್ರಗಳನ್ನು ಯಂತ್ರದಲ್ಲಿ ದಾಖಲಿಸುವ ಪದ್ಧತಿಯು 29 ದೇಶಗಳ ಗಡಿಗಳಲ್ಲಿ ಹಂತಹಂತವಾಗಿ ಮೊದಲಾಯಿತು. ಡೋವರಿನಲ್ಲಿ ಲಾರಿ ಬಸ್ಸುಗಳಿಗೆ ಅದನ್ನು ಮೊದಲು ಅನ್ವಯಿಸಿ, ಸ್ವಂತ ಮೋಟಾರುಗಳವರನ್ನು ಮುಂದಕ್ಕೆ ಹಾಕಿದರು. ಭಾರತದ ರಹದಾರಿಯುಳ್ಳವನಿಗಂತೂ ಇಂಗ್ಲಂಡಿನಲ್ಲಿ ನೆಲೆಸಲು ಅಪ್ಪಣೆಯಿದ್ದರೂ ಸಾಲದು. ಆಚೆಗೆ ದಾಟಲು ಬೇರೆಯೇ ವೀಸಾ ಬೇಕು.

ನಮ್ಮ ಶಾಸ್ತ್ರಿಗಳು ‘ಘಟ್ಟಕುಟೀಪ್ರಭಾತ ನ್ಯಾಯ’ವೆಂದು ಒಂದನ್ನು ಹೇಳುವುದುಂಟು. ಸುಂಕ ತಪ್ಪಿಸಬೇಕೆಂದು ವರ್ತಕನೊಬ್ಬನು ಅಡ್ಡದಾರಿ ಹಿಡಿದು ಇರುಳೆಲ್ಲ ನಡೆದನಂತೆ. ಬೆಳಗಾಗುವಾಗ ನೋಡಿದರೆ ನಿಂತಿರುವುದು ಸುಂಕದ ಕಟ್ಟೆಯ ಎದುರಿಗೇ! ಗಡಿಗೆ ತಾನೇ ಒಡೆಯನಾಗಬೇಕೆಂದು ಹೊರಟ ರಾಷ್ಟ್ರದ ಪ್ರಜೆಯು ತನ್ನ ನೆಲದಲ್ಲಿಯೇ ನೆರೆಯವರ ಅಧಿಕಾರಿಯ ಮುಂದೆ ಸಾಲುಗಟ್ಟಿ ನಿಂತಿರುವುದನ್ನು ಕಂಡಾಗ ಈ ನ್ಯಾಯವು ನೆನಪಿಗೆ ಬಾರದಿರದು. ಹೊರಬೀಳುವುದು ಬಿಡುವುದು ಅವರವರ ಇಷ್ಟ. ಆದರೆ ಪ್ರತಿಯೊಂದು ಗಡಿಗೂ ಒಂದು ಬೆಲೆಯುಂಟು. ಅದನ್ನು ತೆರುವವನು ಗಡಿಯ ಗೆರೆ ಎಳೆದವನಲ್ಲ, ದಾಟುವವನು.

ವಿಳಂಬಕ್ಕೆ ಕಾರಣ ಗಹನವಾದುದಲ್ಲ. ಗಂಟೆಗೆ 60 ಬಂಡಿಗಳು ಬರುವ ಒಂದು ಕಟ್ಟೆಯಲ್ಲಿ ಬಂಡಿಗೊಂದು ನಿಮಿಷ ಹಿಡಿದರೆ ಸಾಲೇ ಇಲ್ಲ. ಎರಡು ನಿಮಿಷ ಹಿಡಿದರೆ ಮೊದಲ ಗಂಟೆಯಲ್ಲಿ 30, ಎರಡನೆಯ ಗಂಟೆಯಲ್ಲಿ 60 ಬಂಡಿಗಳು ಹಿಂದುಳಿಯುತ್ತವೆ. ಪರೀಕ್ಷೆಯನ್ನು ಇಮ್ಮಡಿಗೊಳಿಸಿದವರು ಕಟ್ಟೆಗಳನ್ನೂ ಸಿಬ್ಬಂದಿಯನ್ನೂ ಇಮ್ಮಡಿಗೊಳಿಸಬೇಕೆಂಬುದು ಅಂಗಡಿಯ ಲೆಕ್ಕ ಬಲ್ಲವನಿಗೂ ತಿಳಿದದ್ದು. ಡೋವರಿನಲ್ಲಿ ಒಂದೆಡೆ ಸುಣ್ಣಕಲ್ಲಿನ ಬೆಟ್ಟ, ಮತ್ತೊಂದೆಡೆ ಸಮುದ್ರ. ಸ್ಥಳದ ಸಂಕೋಚ ನಿಜ. ಆದರೆ ಟಿಕೇಟು ಕೊಂಡವರೆಷ್ಟೆಂಬುದು ಮೊದಲೇ ಗೊತ್ತು, ರಜೆಯ ದಿನವೂ ಗೊತ್ತು. ಗೊತ್ತಿದ್ದ ದಟ್ಟಣೆಯನ್ನು ಆಕಸ್ಮಿಕವೆಂದು ಕರೆಯುವುದು ಸಲ್ಲದು.

ಪರದೇಶದ ತಪ್ಪೆಣಿಸುವಾಗ ನಾವು ನಮ್ಮ ಮನೆಯ ಬಾಗಿಲನ್ನು ಮರೆಯಲಾಗದು. ಮಂಗಳೂರು ಕಾಸರಗೋಡುಗಳು ಒಂದೇ ಜಿಲ್ಲೆಯಾಗಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿ ತಲಪಾಡಿಯು ಗಡಿಯಾಯಿತು. ಗಡಿಯಾದರೂ ನಂಟು ಹರಿಯಲಿಲ್ಲ. ಮಂಜೇಶ್ವರದ ಕಡೆಯ ರೋಗಿಗೆ ದೇರಳಕಟ್ಟೆ, ಮಂಗಳೂರುಗಳ ಆಸ್ಪತ್ರೆಗಳೇ ಹತ್ತಿರ. 2020ರ ಮಾರ್ಚಿಯಲ್ಲಿ ಕೊರೋನಾ ಹರಡಿದಾಗ ಈ ಗಡಿಯ ಮಾರ್ಗಗಳಿಗೆ ಕರ್ನಾಟಕ ಸರಕಾರವು ಮಣ್ಣು ಸುರಿದು ತಡೆಹಾಕಿತು. ಕಾಸರಗೋಡಿನಲ್ಲಿ ಸೋಂಕು ಬಲವಾಗಿತ್ತೆಂಬುದು ಸುಳ್ಳಲ್ಲ. ಮಂಗಳೂರಿನವರ ಭಯವೂ ನಿರಾಧಾರವಲ್ಲ. ಆದರೆ ಆಸ್ಪತ್ರೆಗೆ ಹೊರಟ ರೋಗಿಗಳನ್ನು ಹಿಂದಕ್ಕೆ ಕಳುಹಿಸಲಾಯಿತು. ಕೆಲವರು ಚಿಕಿತ್ಸೆಯಿಲ್ಲದೆ ತೀರಿಕೊಂಡರು. ಎಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯವು ತಡೆ ತೆಗೆಸುವಂತೆ ಆಜ್ಞಾಪಿಸಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ರೋಗಿಗಳನ್ನು ಬಿಡುವ ಕ್ರಮಕ್ಕೆ ಎರಡೂ ಸರಕಾರಗಳು ಒಪ್ಪಿವೆಯೆಂದು ಎಪ್ರಿಲ್ 7ರಂದು ಅಲ್ಲಿ ತಿಳಿಸಿದ ಮೇಲೆ ಮುಗಿಯಿತು. ಕೊನೆಗೆ ಒಪ್ಪಿದ ಆ ಕ್ರಮವನ್ನು ಮೊದಲ ದಿನವೇ ಮಾಡಬಹುದಾಗಿತ್ತಲ್ಲವೇ? ತಪಾಸಣೆ ಬೇರೆ, ತಡೆ ಬೇರೆ. ವೈದ್ಯನನ್ನು ಗಡಿಯಲ್ಲಿ ನಿಲ್ಲಿಸುವುದು ತಪಾಸಣೆ. ಮಣ್ಣಿನ ಗುಡ್ಡೆಯನ್ನು ನಿಲ್ಲಿಸುವುದು ಆಡಳಿತದ ಆಲಸ್ಯ.

ಇದೇ ದೇಶದಲ್ಲಿ ಮತ್ತೊಂದು ನಿದರ್ಶನವೂ ಉಂಟು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ರಾಜ್ಯಗಳ ಗಡಿಯ ವಾಣಿಜ್ಯ ತೆರಿಗೆಯ ನಾಕಾಗಳು ಒಂದೊಂದಾಗಿ ಎದ್ದುಹೋದವು. ಗಂಟೆಗಟ್ಟಲೆ ನಿಲ್ಲುತ್ತಿದ್ದ ಲಾರಿಗಳು ನಿಲ್ಲದೆ ಮುಂದುವರಿದವು. ತೆರಿಗೆ ರದ್ದಾಗಲಿಲ್ಲ, ಅದರ ಲೆಕ್ಕವು ಮಾರ್ಗದಿಂದ ಕಚೇರಿಗೆ ಹೋಯಿತು, ಅಷ್ಟೆ. ಅನಿವಾರ್ಯವೆಂದು ಎರಡು ತಲೆಮಾರು ನಂಬಿದ್ದ ವಿಳಂಬವು ಒಂದು ನಿರ್ಧಾರದಿಂದ ಕರಗುವುದಾದರೆ, ಉಳಿದವೂ ವಿಧಿಲಿಖಿತವೇನಲ್ಲ.

ಆದ್ದರಿಂದ ಡೋವರಾಗಲಿ ತಲಪಾಡಿಯಾಗಲಿ, ಗಡಿಯನ್ನು ನೋಡಿಕೊಳ್ಳುವವರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಕಾಗದದ ಕೆಲಸವೆಷ್ಟು ಸಾಧ್ಯವೋ ಅಷ್ಟನ್ನೂ ಪ್ರಯಾಣಿಕನು ಹೊರಡುವ ಮೊದಲೇ ಮುಗಿಸಿರಿ. ಹೊಸ ಪರೀಕ್ಷೆಯನ್ನು ವಿಧಿಸುವ ಆಜ್ಞೆಯಲ್ಲಿಯೇ ಅದಕ್ಕೆ ಬೇಕಾದ ಸಿಬ್ಬಂದಿಯ ಸಂಖ್ಯೆಯನ್ನೂ ಬರೆಯಿರಿ. ಎಷ್ಟು ಹೊತ್ತು ಕಾಯಬೇಕಾದೀತೆಂಬುದನ್ನು ದಾರಿಯಲ್ಲಿಯೇ ತಿಳಿಸಿರಿ. ಕಾಯುವವರಿಗೆ ನೀರು, ನೆರಳು, ಶೌಚದ ಅನುಕೂಲವಿರಲಿ. ರೋಗಿಗೂ ಬಾಣಂತಿಗೂ ವೃದ್ಧರಿಗೂ ಬೇರೊಂದು ಬಾಗಿಲಿರಲಿ, ಅದು ಯಾವ ಕಾರಣಕ್ಕೂ ಮುಚ್ಚದಿರಲಿ. ಗಡಿಯನ್ನು ಕಾಯಬೇಡಿರೆಂದು ಯಾರೂ ಹೇಳುತ್ತಿಲ್ಲ. ಕಾಯುವ ಕೆಲಸ ಅಧಿಕಾರಿಯದು. ಅದನ್ನು ಪ್ರಯಾಣಿಕನ ತಲೆಗೆ ಕಟ್ಟಬಾರದು.