ಜೇಬಿನ ಚಾಕು: ಇರೋದು ಸಾಕಾ, ದುಬಾರಿಯದು ಬೇಕಾ?

ನಾವು ಮೂರು ಜನ. ಒಬ್ಬ ಕಡೂರಿನವನು, ಒಬ್ಬ ತರೀಕೆರೆಯವನು, ಇನ್ನೊಬ್ಬ ಅಜ್ಜಂಪುರದವನು. ಮೂವರೂ ಮೆಕ್ಯಾನಿಕಲ್, ಎರಡನೇ ವರ್ಷ. ರಜೆಗೆ ಶಿವಮೊಗ್ಗ ರೈಲು ಒಟ್ಟಿಗೇ ಹತ್ತುತ್ತೀವಿ. ಕಡೂರಿನಲ್ಲಿ ಒಬ್ಬ ಇಳೀತಾನೆ, ಬೀರೂರಿನಲ್ಲಿ ಇನ್ನೊಬ್ಬ ಇಳಿದು ಅಜ್ಜಂಪುರದ ಕಡೆ ಹೋಗೋ ರೈಲು ಕಾಯ್ತಾನೆ, ಮೂರನೆಯವನು ತರೀಕೆರೆ ತನಕ ಕಿಟಕಿ ಪಕ್ಕ ನಿದ್ದೆ ಹೊಡೀತಾನೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಈ ಲೇಖನಕ್ಕೆ ಕಾರಣ ಮೂರು ಹೊಲಿಗೆ. ದಸರಾ ರಜೆಯಲ್ಲಿ ತರೀಕೆರೆಯವನು ಅಡಿಕೆ ಚೀಲದ ಹುರಿ ಕತ್ತರಿಸ್ತಾ ಇದ್ದ. ಕೈಯಲ್ಲಿ ಜಾತ್ರೆಯಲ್ಲಿ ತಗೊಂಡ ₹180ರ ಮಡಚೋ ಚಾಕು. ಹುರಿ ಗಟ್ಟಿಯಿತ್ತು, ಚಾಕು ಮೊಂಡಾಗಿತ್ತು, ಜೋರಾಗಿ ಒತ್ತಿ ತಿರುಚಿದ. ಲಾಕ್ ಜಾರಿ ಅಲಗು ತೋರುಬೆರಳ ಮೇಲೇ ಮಡಚಿಕೊಂಡಿತು. ಹದಿನೈದು ದಿನ ಲ್ಯಾಬ್ ರೆಕಾರ್ಡನ್ನ ನಾವಿಬ್ಬರೇ ಸರದಿ ಮೇಲೆ ಬರೆದುಕೊಟ್ಟೆವು.

ಸ್ಕಾಲರ್‌ಶಿಪ್ ದುಡ್ಡು ಬಂದ ಮೇಲೆ ಮೂವರಿಗೂ ಒಂದೇ ಯೋಚನೆ: ಒಳ್ಳೇ ಚಾಕು ತಗೊಳ್ಳೋಣವಾ? ನೋಡಿದರೆ ಸುಮಾರಾಗಿರೋದೇ ಎರಡು ಸಾವಿರ, ಹೆಸರುವಾಸಿಯಾದದ್ದು ಹತ್ತು ಸಾವಿರ ದಾಟುತ್ತೆ. ಅಜ್ಜಂಪುರದ ಮನೆಯಲ್ಲಿ ವಿಷಯ ಎತ್ತಿದಾಗ ಚಿಕ್ಕಪ್ಪ, "ಒಂದು ಚಾಕುಗೆ ಎರಡು ಸಾವಿರಾನಾ? ಅದು ತಾನೇ ಹೋಗಿ ಕುಯ್ಕೊಂಡು ಬರುತ್ತೇನೋ?" ಅಂದರು. ಅಜ್ಜ ಇನ್ನೊಂದು ಮಾತು ಸೇರಿಸಿದರು: "ಸಾಣೆ ಹಿಡಿಯೋಕೆ ಬರದೋನಿಗೆ ಎಂಥಾ ಚಾಕು ಕೊಟ್ರೂ ಒಂದೇ ಕಣೋ." ಆಗ ನಕ್ಕೆವು. ಆಮೇಲೆ ಲೆಕ್ಕ ಹಾಕಿದಾಗ ಅಜ್ಜ ಹೇಳಿದ್ದು ಮುಕ್ಕಾಲು ಪಾಲು ಸರಿ ಅನ್ನಿಸಿತು. ಉಳಿದ ಕಾಲು ಪಾಲು ಏನು ಅನ್ನೋದೇ ಈ ಲೇಖನ.

ಮೊದಲು ಕೆಲಸದ ಪಟ್ಟಿ

ಚಾಕು ನೋಡೋಕೆ ಮುಂಚೆ ಅದರಿಂದ ಏನು ಮಾಡ್ತೀವಿ ಅಂತ ಒಂದು ವಾರ ಬರೆದಿಟ್ಟೆವು. ಕಡೂರಿನ ತೆಂಗಿನ ತೋಟದಲ್ಲಿ: ಡ್ರಿಪ್ ಪೈಪ್ ಕತ್ತರಿಸೋದು, ಗೊಬ್ಬರದ ಚೀಲ ಬಿಚ್ಚೋದು. ತರೀಕೆರೆಯಲ್ಲಿ: ಅಡಿಕೆ ಚೀಲದ ಹುರಿ, ಬಾಳೆಗೊನೆಗೆ ಕಟ್ಟಿದ ಹಗ್ಗ. ಅಜ್ಜಂಪುರದಲ್ಲಿ: ಈರುಳ್ಳಿ ಚೀಲದ ಬಾಯಿ, ನಡುನಡುವೆ ಒಂದಷ್ಟು ಈರುಳ್ಳಿಯ ಜುಟ್ಟು. ಇನ್ನು ಎಲ್ಲಾ ಕಡೆ ಮಾವಿನಹಣ್ಣು, ಪಾರ್ಸೆಲ್ ಡಬ್ಬ, ವೈರಿನ ಮೇಲಿನ ಪ್ಲಾಸ್ಟಿಕ್.

ತೆಂಗಿನಕಾಯಿಗೆ ಮಚ್ಚಿದೆ, ಮೇವಿಗೆ ಕುಡುಗೋಲಿದೆ. ಜೇಬಿನ ಚಾಕುವಿಗೆ ಬರೋದು ಹುರಿ, ಪ್ಲಾಸ್ಟಿಕ್, ಹಣ್ಣು, ಇಷ್ಟೇ. ಇದರಲ್ಲಿ ಅಲಗನ್ನ ಬೇಗ ಮೊಂಡು ಮಾಡೋದು ಹುರಿಯಲ್ಲ, ಹುರಿಗೆ ಅಂಟಿರೋ ಮಣ್ಣು. ಮಣ್ಣಿನಲ್ಲಿರೋ ಮರಳಿನ ಕಣ ಅಂದರೆ ಕ್ವಾರ್ಟ್ಜ್, ಮೋಸ್ ಗಡಸುತನದಲ್ಲಿ 7. ಚಾಕುವಿನ ಉಕ್ಕು ಎಷ್ಟೇ ಹದ ಮಾಡಿದ್ದರೂ ಅದಕ್ಕಿಂತ ಕೆಳಗೇ. ಅಂದರೆ ಹೊಲದಿಂದ ಬಂದ ಚೀಲ ಕತ್ತರಿಸಿದರೆ ₹180ರದ್ದೂ ಸವೆಯುತ್ತೆ, ₹12,000ದ್ದೂ ಸವೆಯುತ್ತೆ. ಎಷ್ಟು ಬೇಗ ಅನ್ನೋದರಲ್ಲಿ ಮಾತ್ರ ವ್ಯತ್ಯಾಸ.

ದುಡ್ಡು ಎಲ್ಲಿಗೆ ಹೋಗುತ್ತೆ? ಒಂದು: ಉಕ್ಕು

ನಮ್ಮ ಜಿಲ್ಲೆಗೆ ಉಕ್ಕು ಹೊಸದಲ್ಲ. ತರೀಕೆರೆ ತಾಲೂಕಿನ ಕೆಮ್ಮಣ್ಣುಗುಂಡಿಯ ಅದಿರು ಹೋಗ್ತಿದ್ದದ್ದು ಭದ್ರಾವತಿ ಕಾರ್ಖಾನೆಗೆ. ಆದರೂ ಚಾಕುವಿನ ಉಕ್ಕಿನ ಬಗ್ಗೆ ನಾವು ಯೋಚಿಸಿದ್ದು ಮೆಟೀರಿಯಲ್ ಸೈನ್ಸ್ ಪೇಪರ್ ಬಂದ ಮೇಲೇ.

ಉಕ್ಕಿನಲ್ಲಿ ಕಾರ್ಬನ್ ಜಾಸ್ತಿಯಾದರೆ ಗಡಸುತನ ಬರುತ್ತೆ. ಕ್ರೋಮಿಯಂ ಸುಮಾರು 10.5 ಶೇಕಡಾ ದಾಟಿದರೆ ತುಕ್ಕು ತಡೆಯುತ್ತೆ. ಗಡಸುತನ ಅಳೆಯೋದು ರಾಕ್‌ವೆಲ್ ಸಿ ಅಳತೆಯಲ್ಲಿ. ಲ್ಯಾಬಲ್ಲಿ ವಜ್ರದ ಮೊನೆ ಇಟ್ಟು 150 ಕೆಜಿ ಭಾರ ಹಾಕ್ತೀವಲ್ಲ, ಅದೇ.

ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಕೆಂಪು ಚಾಕುವಿನಲ್ಲಿ ಕಾರ್ಬನ್ ಅರ್ಧ ಶೇಕಡಾ, ಕ್ರೋಮಿಯಂ ಸುಮಾರು 15, ಗಡಸುತನ 56ರ ಆಸುಪಾಸು. ಬೇಗ ಮೊಂಡಾಗುತ್ತೆ, ಆದರೆ ಅಷ್ಟೇ ಬೇಗ ಹರಿತವೂ ಆಗುತ್ತೆ. ಅದರ ಮೇಲೆ ಡಿ2: ಕಾರ್ಬನ್ ಒಂದೂವರೆ, ಕ್ರೋಮಿಯಂ ಸುಮಾರು 12, ಗಡಸುತನ 60ರ ಹತ್ತಿರ. ಹಿಂದೆ ದಕ್ಷಿಣ ಭಾರತದ ಕುಲುಮೆಗಳಲ್ಲಿ ಮೂಸೆಯೊಳಗೆ ತಯಾರಾಗ್ತಿದ್ದ ಉಕ್ಕಿನಲ್ಲೂ ಕಾರ್ಬನ್ ಸರಿಸುಮಾರು ಇಷ್ಟೇ ಇರುತ್ತಿತ್ತು. ಇಂಗ್ಲಿಷಿನ 'ವೂಟ್ಸ್' ಅನ್ನೋ ಪದ ನಮ್ಮ 'ಉಕ್ಕು'ವಿನಿಂದಲೇ ಹೋಗಿದ್ದು ಅಂತಾರೆ.

ಇನ್ನೂ ಮೇಲೆ ಎಸ್30ವಿ ಥರದ ಉಕ್ಕುಗಳು. ಇವುಗಳಲ್ಲಿ ಸುಮಾರು 4 ಶೇಕಡಾ ವನೇಡಿಯಂ ಇರುತ್ತೆ. ಅದು ಕಾರ್ಬನ್ ಜೊತೆ ಸೇರಿ ವನೇಡಿಯಂ ಕಾರ್ಬೈಡ್ ಕಣಗಳಾಗುತ್ತೆ. ಹಾಗಾಗಿ ಹರಿತ ತುಂಬಾ ದಿನ ನಿಲ್ಲುತ್ತೆ. ಕೇಳೋಕೆ ಚೆನ್ನಾಗಿದೆ. ಆದರೆ ಆ ಕಣಗಳು ನಮ್ಮ ಹಿತ್ತಿಲ ಸಾಣೆಕಲ್ಲಿಗಿಂತ ಗಟ್ಟಿ. ಅಂಗಡಿಯಲ್ಲಿ ಸಿಗೋ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲಿಗಿಂತಲೂ ಗಟ್ಟಿ. ಸರಿಯಾಗಿ ಸಾಣೆ ಹಿಡಿಯೋಕೆ ವಜ್ರದ ಪುಡಿ ಲೇಪಿಸಿದ ಪಟ್ಟಿ ಬೇಕು. ಅದರ ದುಡ್ಡು ಬೇರೆ. ಅಂದರೆ ಹರಿತ ಇರೋವರೆಗೂ ರಾಜ, ಮೊಂಡಾದ ದಿನ ಅಜ್ಜನ ಕಲ್ಲಿನ ಮುಂದೆ ಕೂತು ನಾವೇ ಬೆವರಬೇಕು.

ತುಕ್ಕಿನ ವಿಷಯವೂ ನಮ್ಮ ಕಡೆ ಮುಖ್ಯ. ಕ್ರೋಮಿಯಂ ಇಲ್ಲದ ಬರೀ ಕಾರ್ಬನ್ ಉಕ್ಕಿನ ಅಲಗು ಹಸಿ ಅಡಿಕೆಯ ಚೊಗರಿಗೆ ಸಿಕ್ಕರೆ ಕಪ್ಪಾಗುತ್ತೆ, ಚೊಗರಿನಲ್ಲಿರೋ ಟ್ಯಾನಿನ್ ಕಬ್ಬಿಣದ ಜೊತೆ ಸೇರೋದರಿಂದ. ಆ ಕಲೆಗೆ ಹೆದರಬೇಕಿಲ್ಲ, ಒದ್ದೆ ಬಿಟ್ಟರೆ ಹಿಡಿಯೋ ಕೆಂಪು ತುಕ್ಕಿಗೆ ಹೆದರಬೇಕು. ಒರೆಸಿ ಎರಡು ಹನಿ ಕೊಬ್ಬರಿ ಎಣ್ಣೆ ಸವರಿದರೆ ಆಯ್ತು. ಕಡೂರಿನವನ ಮನೆಯಲ್ಲಿ ಅದಕ್ಕಂತೂ ಬರ ಇಲ್ಲ.

ಎರಡು: ಲಾಕ್

ಅಜ್ಜನ ಮಾತಿನಲ್ಲಿ ಬಿಟ್ಟುಹೋದ ಕಾಲು ಪಾಲು ಇದು. ಅಜ್ಜನ ಕಾಲದಿಂದ ಅವರ ಹತ್ತಿರ ಇರೋದು ಮಡಚದ ಚೂರಿ. ಮಡಚೋ ಚಾಕುವಿನ ಅತಿ ದೊಡ್ಡ ಅಪಾಯ ಅದು ಮಡಚೋದೇ.

ವಿಕ್ಟೋರಿನಾಕ್ಸ್‌ನ ಚಿಕ್ಕ ಚಾಕುಗಳಲ್ಲಿ ಲಾಕ್ ಇರಲ್ಲ. ಬೆನ್ನಿನ ಸ್ಪ್ರಿಂಗ್ ಒತ್ತಡ ಅಲಗನ್ನ ಹಿಡಿದಿಡುತ್ತೆ. ಹಣ್ಣಿಗೆ ಸಾಕು. ಫ್ರಾನ್ಸಿನ ಒಪಿನೆಲ್‌ನಲ್ಲಿ ಮರದ ಹಿಡಿಯ ತುದಿಗೆ ಒಂದು ಲೋಹದ ಉಂಗುರ. ತಿರುಗಿಸಿದರೆ ಅಲಗಿನ ಬುಡಕ್ಕೆ ಅಡ್ಡ ಬರುತ್ತೆ. 1955ರಲ್ಲಿ ಬಂದ ಈ ಉಪಾಯ ಇವತ್ತಿಗೂ ಹಾಗೇ ಇದೆ. ಲೈನರ್ ಲಾಕ್ ಅಂದರೆ ಹಿಡಿಯೊಳಗಿನ ತೆಳು ತಗಡು ಪಕ್ಕಕ್ಕೆ ಸರಿದು ಅಲಗಿನ ಹಿಂಭಾಗಕ್ಕೆ ಒತ್ತಿ ನಿಲ್ಲೋದು. ಬ್ಯಾಕ್ ಲಾಕ್ ಅಂದರೆ ಬೆನ್ನಿನಲ್ಲಿರೋ ಸನ್ನೆ ಅಲಗಿನ ಕಚ್ಚಿನಲ್ಲಿ ಕೂರೋದು.

ನಮ್ಮ ₹180ರ ಚಾಕುವಿನದ್ದು ಲೈನರ್ ಲಾಕೇ. ಬಿಚ್ಚಿ ನೋಡಿದೆವು. ತಗಡು ಅಲಗಿನ ಬುಡಕ್ಕೆ ಪೂರ್ತಿ ಕೂರ್ತಾನೇ ಇರಲಿಲ್ಲ, ತುದಿಯಲ್ಲಿ ಕೂದಲೆಳೆಯಷ್ಟು ತಾಗ್ತಾ ಇತ್ತು. ತಿರುಚಿದರೆ ಜಾರದೆ ಇನ್ನೇನು? ಲಾಕ್ ಹೆಸರು ಒಂದೇ ಆದರೂ ಟಾಲರೆನ್ಸ್ ಬೇರೆ. ದುಡ್ಡು ಕೊಡೋದು ಅದಕ್ಕೆ.

ನಿಮ್ಮ ಹತ್ತಿರ ಇರೋದನ್ನ ಹೀಗೆ ನೋಡಿ: ಚಾಕು ಬಿಚ್ಚಿ, ಬೆರಳುಗಳು ಅಲಗು ಮಡಚೋ ದಾರಿಯಲ್ಲಿ ಇರದ ಹಾಗೆ ಹಿಡಿಯ ಎರಡು ಪಕ್ಕ ಮಾತ್ರ ಹಿಡಿದು, ಅಲಗಿನ ಬೆನ್ನನ್ನ ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ. ಕುಟ್ಟೋದು ಬೇಡ. ಅಷ್ಟಕ್ಕೇ ಮಡಚಿಕೊಂಡರೆ ಅದು ಲಾಕ್ ಅಲ್ಲ, ಅಲಂಕಾರ.

ಕೊಳ್ಳೋ ಮುಂಚೆ ಎರಡು ವಾರ

ಚಾಕು ಮೊಂಡು ಅನ್ನೋದೊಂದೇ ಕಾರಣಕ್ಕೆ ಹೊಸದು ತಗೋಬೇಡಿ. ಪೆನ್ಸಿಲ್ ಮೊನೆ ಹೋಯ್ತು ಅಂತ ಹೊಸ ಪೆನ್ಸಿಲ್ ತಗೊಂಡ ಹಾಗಾಗುತ್ತೆ. ಮೊದಲು ಒಂದು ಕಲ್ಲು ತಗೊಳ್ಳಿ. ಅಲಗನ್ನ ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅದು 90 ಡಿಗ್ರಿ. ಅರ್ಧ ಬಾಗಿಸಿ, 45. ಮತ್ತೆ ಅರ್ಧ, 22ರ ಆಸುಪಾಸು. ಆ ಕೋನ ಬದಲಾಗದ ಹಾಗೆ ಉಜ್ಜಿ. ಇನ್ನೊಂದು ಮಗ್ಗುಲಲ್ಲಿ ಬೆರಳಿಗೆ ಸಣ್ಣ ತರಿ ಸಿಕ್ಕ ಮೇಲೆ ತಿರುಗಿಸಿ ಅಷ್ಟೇ ಉಜ್ಜಿ. ಕೊನೆಗೆ ಎರಡೂ ಕಡೆ ಹಗುರವಾಗಿ ನಾಲ್ಕು ಸಲ. ಪೇಪರ್ ಸರ್ರನೆ ಕತ್ತರಿಸಿದರೆ ಆಯ್ತು. ನಮಗೆ ಮೂರನೇ ಭಾನುವಾರ ಬಂತು.

ಹೀಗೆ ಹರಿತ ಮಾಡಿ ಎರಡು ವಾರ ಬಳಸಿ. ವಾರಕ್ಕೊಮ್ಮೆ ಐದು ನಿಮಿಷ ಉಜ್ಜಿದರೆ ಕೆಲಸ ನಡೆಯುತ್ತೆ ಅಂದರೆ ಇರೋದೇ ಸಾಕು. ದಿನಕ್ಕೊಮ್ಮೆ ಉಜ್ಜಬೇಕಾದರೆ ಉಕ್ಕು ಬದಲಾಯಿಸಿ. ಲಾಕ್ ಜಾರಿದರೆ ಮಾತ್ರ ಎರಡು ವಾರ ಕಾಯಬೇಡಿ, ಅವತ್ತೇ ಪಕ್ಕಕ್ಕಿಡಿ.

ಕಾನೂನಿನ ಮಾತು ಒಂದು. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರೋದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು, ಅದೂ ಮನೆ, ಕೃಷಿ, ಕೈಗಾರಿಕೆ ಕೆಲಸಕ್ಕೆ ಮಾಡಿದ್ದಲ್ಲದಿದ್ದರೆ. ಮೂರು ಇಂಚಿನ ಚಾಕು ಅದರಲ್ಲಿ ಬರಲ್ಲ. ಹಾಗಂತ ಹಾಸ್ಟೆಲ್‌ಗೆ, ಪರೀಕ್ಷಾ ಹಾಲ್‌ಗೆ, ಮೆಟ್ರೋಗೆ ತಗೊಂಡು ಹೋಗಬೇಡಿ.

ನಾವು ಏನು ಮಾಡಿದೆವು?

ಕಡೂರಿನವನ ಚಾಕುವಿನ ಲಾಕ್ ಗಟ್ಟಿಯಿತ್ತು. ಅವನು ಬರೀ ಕಲ್ಲು ತಗೊಂಡ. ಅಜ್ಜಂಪುರದವನು ಮಡಚೋ ಚಾಕುವಿನ ಆಸೆಯನ್ನೇ ಬಿಟ್ಟ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಕುಲುಮೆಯಲ್ಲಿ ಒಂದು ಗೇಣಿಗಿಂತ ಚಿಕ್ಕ ಚೂರಿ ಮಾಡಿಸಿ ಹೊಲದ ಮನೆಯಲ್ಲಿ ಇಟ್ಟಿದ್ದಾನೆ. ಮಡಚೋದೇ ಇಲ್ಲ ಅಂದ ಮೇಲೆ ಲಾಕಿನ ಚಿಂತೆ ಎಲ್ಲಿ? ತರೀಕೆರೆಯವನು ಒಂದು ತಿಂಗಳ ಮೆಸ್ ಬಿಲ್ಲಿನ ಮುಕ್ಕಾಲು ಪಾಲು ಕೊಟ್ಟು ಒಳ್ಳೇ ಲಾಕ್ ಇರೋ ಸಾಧಾರಣ ಸ್ಟೇನ್‌ಲೆಸ್ ಚಾಕು ತಗೊಂಡ. ಹತ್ತು ಸಾವಿರದ್ದು ಯಾರೂ ಮುಟ್ಟಲಿಲ್ಲ. ಅದು ತಪ್ಪು ಅಂತಲ್ಲ. ಅಲ್ಲಿಂದ ಮೇಲೆ ಕೊಡೋ ದುಡ್ಡು ಖುಷಿಗೆ, ಕೆಲಸಕ್ಕಲ್ಲ ಅಂತ ತಿಳಿದು ಕೊಟ್ಟರೆ ಸಾಕು.

ಹಾಸ್ಟೆಲ್‌ಗೆ ತರೋ ಹಾಗಿಲ್ಲವಲ್ಲ, ಆ ಹೊಸ ಚಾಕು ಈಗ ಅವನ ಅಪ್ಪನ ಜೇಬಿನಲ್ಲಿದೆ. ವಾಪಸ್ ಕೇಳಿದ್ದಕ್ಕೆ "ನೀನು ಬಂದಾಗ ಸಾಣೆ ಹಿಡಿದು ಕೊಡು, ಮಿಕ್ಕಿದ್ದು ಆಮೇಲೆ ನೋಡೋಣ" ಅಂದರಂತೆ. ಮುಂದಿನ ಶನಿವಾರ ಊರಿಗೆ ಹೊರಟಿದ್ದೀವಿ. ಕಡೂರಿನವನ ಕಲ್ಲು ಈ ಸಲ ತರೀಕೆರೆ ತನಕ ಹೋಗುತ್ತೆ.